ದಂತಣ್ಣನ ಕಾರಿಗೆ ಜ್ವರ

ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಮುಳ್ಳು ಎರಡು ಗೆರೆ ಮೇಲೆ ಹೋಗಿ ನಿಂತಿತು. ಆದದ್ದು ಅಷ್ಟೇ. ಆದರೆ ಅದು ಕಾರಿನ ಶಾಖ ತೋರಿಸುವ ಮುಳ್ಳು, ಕಾರು ದಂತಣ್ಣನದು, ಫೈನಲ್ ಓಟಕ್ಕೆ ಉಳಿದದ್ದು ನಲವತ್ತೇ ನಿಮಿಷ.

ದಂತಣ್ಣ ಹಲ್ಲಿನ ಸೆಟ್ ಮಾಡುವವನು. ಹೆಸರು ಬೀದಿಯವರು ಇಟ್ಟದ್ದು. ವಾರವಿಡೀ ಯಾರ್ಯಾರದೋ ದವಡೆಗೆ ಹಲ್ಲು ಕೂರಿಸುವ ಈ ಪಾಪದ ಪ್ರಾಣಿಗೆ ಇದ್ದದ್ದು ಒಂದೇ ಹುಚ್ಚು, ಸೂಪರ್‌ಚಾರ್ಜರ್ ಇರುವ ಕೆಂಪು ಸ್ಪೋರ್ಟ್ಸ್ ಕಾರು. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಪಂಪು. ತುರುಕಿದ ಗಾಳಿ ಕಾಯುತ್ತದೆ. ಗಾಳಿ ಕಾದರೆ ಕಾರಿನೊಳಗಿನ ಕಂಪ್ಯೂಟರ್ ಹೆದರಿಕೊಂಡು ಶಕ್ತಿ ಕಡಿಮೆ ಮಾಡುತ್ತದೆ. ಮೊದಲ ಓಟಕ್ಕೆ ಜಿಂಕೆಯಾಗಿದ್ದ ಕಾರು ಮೂರನೆಯದಕ್ಕೆ ಎಮ್ಮೆ. ಮೂರು ವರ್ಷದಿಂದ ದಂತಣ್ಣ ಹೀಗೇ ಸೋತುಕೊಂಡು ಬಂದಿದ್ದ.

ಈ ಸಲ ಸೋಲುವಂತಿರಲಿಲ್ಲ. ಅವನ ಹೆಂಡತಿ ಹೊಲಿಗೆ ಕ್ಲಾಸ್ ನಡೆಸುತ್ತಿದ್ದಳು. ಕಾರು ಶೆಡ್ಡಿನ ನೆರಳಲ್ಲಿ ಹಾಯಾಗಿ ಮಲಗಿರುತ್ತಿತ್ತು. ಏಳು ಹೊಲಿಗೆ ಮೆಷಿನ್ನುಗಳೂ ಅವುಗಳ ಮುಂದೆ ಕೂತ ಏಳು ಹೆಣ್ಣುಮಕ್ಕಳೂ ಅಂಗಳದ ಬಿಸಿಲಲ್ಲಿ ಬೇಯುತ್ತಿದ್ದರು. ಹೋದ ವಾರ ಆಕೆ ತೀರ್ಪು ಕೊಟ್ಟಿದ್ದಳು.

"ಇದೇ ಕೊನೆ ಸಲ ರೀ. ಗೆದ್ರೆ ಕಾರು ಶೆಡ್ಡಲ್ಲೇ ಇರ್ಲಿ, ನಾನು ಇನ್ನು ತುಟಿ ಬಿಚ್ಚಲ್ಲ. ಸೋತ್ರೆ ಕಾರು ಮಾರ್ಬಿಡಿ, ಶೆಡ್ ನಂದು."

ದಂತಣ್ಣ ಹೂಂ ಅಂದುಬಿಟ್ಟಿದ್ದ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ.

ಈ ಪಂದ್ಯದ ರೀತಿಯೇ ಬೇರೆ. ನೇರವಾದ ಒಂದು ರಸ್ತೆ, ಒಂದು ಸಲಕ್ಕೆ ಎರಡೇ ಗಾಡಿ. ತನ್ನ ಗಾಡಿ ಎಷ್ಟು ಸೆಕೆಂಡಿಗೆ ಕೊನೆ ಮುಟ್ಟುತ್ತದೆಂದು ಪ್ರತಿಯೊಬ್ಬನೂ ಗಾಜಿನ ಮೇಲೆ ಮೊದಲೇ ಬರೆಯಬೇಕು. ಇಬ್ಬರು ಬರೆದದ್ದರ ನಡುವೆ ಎಷ್ಟು ಅಂತರವೋ, ನಿಧಾನದ ಗಾಡಿಗೆ ಅಷ್ಟು ಸೆಕೆಂಡು ಮುಂಚೆಯೇ ಹಸಿರು ದೀಪ ಹತ್ತುತ್ತದೆ. ದಂತಣ್ಣ ಬರೆದದ್ದು ಹದಿಮೂರೂಕಾಲು. ಎಂಜಿನ್ ತಣ್ಣಗಿದ್ದಾಗ, ಬೆಳಗಿನ ಮೊದಲ ಪರೀಕ್ಷೆಯಲ್ಲಿ ಬಂದ ಸಮಯ ಅದು, ಅವನ ಜೀವಮಾನದ ದಾಖಲೆ. ಒಮ್ಮೆ ಬರೆದರೆ ದಿನವಿಡೀ ಅಳಿಸುವಂತಿಲ್ಲ. ಆಮೇಲೆ ನೋಡಿದರೆ ಒಂದು ಓಟಕ್ಕೆ ಹದಿನಾಲ್ಕಾಯಿತು, ಇನ್ನೊಂದಕ್ಕೆ ಹದಿನಾಲ್ಕೂವರೆ. ಒಬ್ಬ ಎದುರಾಳಿ ದೀಪ ಹತ್ತುವ ಮೊದಲೇ ಹೊರಟು ಔಟಾದ, ಇನ್ನೊಬ್ಬನ ಗೇರು ದಾರಿಯಲ್ಲೇ ಕೈಕೊಟ್ಟಿತು. ಹಾಗೆ ದಂತಣ್ಣ ಫೈನಲ್ಲಿಗೆ ಬಂದು ಬಿದ್ದಿದ್ದ.

ಫೈನಲ್ಲಿನ ಎದುರಾಳಿಯಾದರೂ ಯಾರು? ಬ್ರೆಡ್ಡು ಸಾಗಿಸುವ ಒಂದು ಹಳೇ ವ್ಯಾನು! ಗಾಜಿನ ಮೇಲೆ ಇಪ್ಪತ್ತೊಂದು ಎಂದು ಬರೆದುಕೊಂಡು, ಪ್ರತಿ ಸಲವೂ ಸರಿಯಾಗಿ ಇಪ್ಪತ್ತೊಂದಕ್ಕೇ ಕೊನೆ ಮುಟ್ಟುವ ಗಾಡಿ.

"ಬ್ರೆಡ್ ವ್ಯಾನಿಗೆ ಸೋತ್ರೆ ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?" ಎಂದು ದಂತಣ್ಣ ಮುಳ್ಳನ್ನು ನೋಡಿದ.

ನೋಡಲು ಬಂದಿದ್ದ ಅಕ್ಕಪಕ್ಕದ ಮನೆಯವರು ಸುಮ್ಮನಿದ್ದಾರೆಯೇ? ಎಡಮನೆಯ ಫ್ರಿಜ್ ರಿಪೇರಿ ಯಜಮಾನರು ತೋಳು ಮಡಿಸಿಕೊಂಡು ಮುಂದೆ ಬಂದರು.

"ಬಾನೆಟ್ ಎತ್ತು! ಎಂಜಿನ್ ಆಫ್ ಮಾಡು, ನೀರಿನ ಪಂಪು ಓಡ್ತಾ ಇರ್ಲಿ. ಗಾಳಿ ತಣಿಸೋ ನೀರಿನ ಟ್ಯಾಂಕಿದೆಯಲ್ಲ, ಅದಕ್ಕೆ ಐಸ್ ಸುರಿ. ನಲವತ್ತು ವರ್ಷ ತಂಪು ಮಾಡೋ ಕೆಲಸವೇ ಮಾಡಿದೀನಪ್ಪಾ, ನನಗೆ ಹೇಳ್ಕೊಡ್ಬೇಡ."

ದಂತಣ್ಣ ಏನನ್ನೂ ಹೇಳಿಕೊಟ್ಟಿರಲಿಲ್ಲ. ಡಬ್ಬಿಯಲ್ಲಿ ತಂದಿದ್ದ ಒಂದಿಷ್ಟು ಐಸನ್ನು ತೆಪ್ಪಗೆ ಸುರಿದ.

"ಅಯ್ಯೋ, ಒಳಗೆ ಕೊಟ್ರೆ ಆಗ್ಹೋಯ್ತಾ?" ಬಲಮನೆಯ ನರ್ಸಮ್ಮ ಅಡ್ಡ ಬಂದರು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ರೋಗಿ ಕಂಡರೆ ಬಿಡುವವರಲ್ಲ. "ಹಣೆಗೆ ತಣ್ಣೀರು ಪಟ್ಟಿ ಹಾಕ್ಬೇಕು."

"ಕಾರಿಗೆ ಹಣೆ ಎಲ್ಲಿದೆ ನರ್ಸಮ್ಮ?" ದಂತಣ್ಣ ಕೇಳಿದ.

"ಎಲ್ಲಿ ಸುಡುತ್ತೋ ಅದೇ ಹಣೆ!" ಎಂದು ಅವರು ಸೂಪರ್‌ಚಾರ್ಜರಿನ ಮೇಲೆ ಅಂಗೈ ಇಟ್ಟು, ಚಿಟ್ಟನೆ ಚೀರಿ ಕೈ ಎಳೆದುಕೊಂಡರು. "ಅಬ್ಬಬ್ಬಾ! ಇದು ಮನುಷ್ಯ ಆಗಿದ್ದಿದ್ರೆ ಇಷ್ಟೊತ್ತಿಗೆ ಮನೆಯವರಿಗೆ ಹೇಳಿಕಳಿಸ್ತಿದ್ವಿ."

ಉಳಿದದ್ದು ಮೂವತ್ತು ನಿಮಿಷ, ಮುಳ್ಳು ಇಳಿದದ್ದು ಅರ್ಧ ಗೆರೆ, ಐಸು ಖಾಲಿ.

ಆಗ ನಂಬಲಾಗದ ಸಂಗತಿ ನಡೆಯಿತು. ಮೂರು ವರ್ಷದಿಂದ ಆ ಕಾರಿನ ಕಡೆ ಕಣ್ಣೆತ್ತಿಯೂ ನೋಡದ ಹೆಂಡತಿ ಮಡಿಸುವ ಕುರ್ಚಿಯಿಂದ ಎದ್ದು ಬಂದಳು.

"ಅಷ್ಟು ಐಸ್ ಯಾವ ಮೂಲೆಗೆ ಸಾಕು ರೀ? ಇರಿ, ನಾನು ತರ್ತೀನಿ."

ತಂಪು ಪಾನೀಯದ ಅಂಗಡಿಯವನನ್ನು ಅದೇನು ಹೇಳಿ ಒಪ್ಪಿಸಿದಳೋ, ಒಂದೊಂದು ಕೈಯಲ್ಲೂ ಒಂದೊಂದು ಚೀಲ ಐಸು ಹಿಡಿದು ಏದುಸಿರು ಬಿಡುತ್ತ ಬಂದಳು. ದಂತಣ್ಣನ ಕಣ್ಣು ತುಂಬಿ ಬಂತು. ಹೆಂಡತಿ ಎಂದರೆ ಹೀಗಿರಬೇಕು, ಇವಳನ್ನು ತಪ್ಪು ತಿಳಿದೆನಲ್ಲ ಎಂದು ಒಳಗೊಳಗೇ ಕರಗಿದ.

ಯಜಮಾನರು ಒಂದು ಚೀಲವನ್ನು ಟ್ಯಾಂಕಿಗೆ ಸುರಿದರು. ನರ್ಸಮ್ಮ ಇನ್ನೊಂದನ್ನು ಬಟ್ಟೆಯಲ್ಲಿ ಕಟ್ಟಿ ಸೂಪರ್‌ಚಾರ್ಜರಿನ ನೆತ್ತಿಗೆ ಒತ್ತಿದರು. ಸಾಲದ್ದಕ್ಕೆ ಯಜಮಾನರು ಒಂದು ಫ್ಯಾನು ತಂದು ಕಾರಿನ ಬ್ಯಾಟರಿಗೇ ತಂತಿ ಸಿಕ್ಕಿಸಿದರು. ಫ್ಯಾನು ರೊಯ್ಯನೆ ತಿರುಗಿದ್ದೇ ತಡ, ನರ್ಸಮ್ಮನ ಒದ್ದೆ ಪಟ್ಟಿಯೊಂದು ಹಾರಿ, ಆ ಕಡೆ ಹೋಗುತ್ತಿದ್ದ ತೀರ್ಪುಗಾರರ ಮುಖಕ್ಕೆ ಪಚಕ್ಕನೆ ಅಂಟಿಕೊಂಡಿತು. ದಂತಣ್ಣ ಕೈಮುಗಿದ. ತೀರ್ಪುಗಾರರು ಪಟ್ಟಿ ಬಿಡಿಸಿಕೊಂಡು ಕಾರಿನಡಿ ಬಗ್ಗಿ ನೋಡಿದರು.

"ಏನ್ರೀ ಇದು, ಕಾರೋ ನಲ್ಲೀನೋ? ರಸ್ತೆ ಮೇಲೆ ಒಂದು ಹನಿ ಬಿದ್ರೂ ಲೈನಿಗೆ ಬಿಡಲ್ಲ, ನೆನಪಿರ್ಲಿ."

ಐಸು ತೆಗೆದರೆ ಬಿಸಿ, ಇಟ್ಟರೆ ಹನಿ. ದಂತಣ್ಣ ಬಟ್ಟೆ ಹುಡುಕುವಷ್ಟರಲ್ಲಿ ಹೆಂಡತಿಯೇ ಕಾರಿನಡಿ ತೂರಿ ಒಂದು ಹನಿಯೂ ಉಳಿಯದಂತೆ ಒರೆಸಿದಳು. ಎದ್ದು ಮೈಕೊಡವಿಕೊಂಡು ಮುಳ್ಳನ್ನು ಇಣುಕಿ ನೋಡಿದಳು.

"ಇನ್ನೂ ಇಳೀಬೇಕು ರೀ. ಇನ್ನೊಂದು ಚೀಲ ತರ್ತೀನಿ, ತಾಳಿ."

"ಸಾಕು ಕಣೇ, ನೀನು ಸುಸ್ತಾಗಿದೀಯ..."

"ಸುಸ್ತೂ ಇಲ್ಲ, ಏನೂ ಇಲ್ಲ. ನೀವು ಸುಮ್ನಿರಿ."

ಮೂರನೇ ಚೀಲವೂ ಟ್ಯಾಂಕಿಗೆ ಬಿತ್ತು. ಮುಳ್ಳು ಸರಸರನೆ ಇಳಿದು, ಬೆಳಿಗ್ಗೆ ಇದ್ದ ಗೆರೆಗಿಂತಲೂ ಕೆಳಗೆ ಹೋಗಿ ಕೂತಿತು. ಸಾಲಿನಲ್ಲಿ ಮುಂದೆ ಸರಿಯಲು ಎಂಜಿನ್ ಹಾಕಿದರೆ ಮತ್ತೆ ಕಾಯುತ್ತದಲ್ಲ! ದಂತಣ್ಣ, ಹೆಂಡತಿ, ನರ್ಸಮ್ಮ ಮೂವರೂ ಸೇರಿ ತಳ್ಳಿದರು. ಯಜಮಾನರು ಪಕ್ಕದಲ್ಲಿ ನಡೆಯುತ್ತ "ತಳ್ಳಿ, ತಳ್ಳಿ" ಎಂದು ಶ್ರಮಪಟ್ಟರು.

ಆರಂಭದ ಗೆರೆಯ ಬಳಿ ದಂತಣ್ಣ ಒಳಗೆ ಕೂತು ಬಟನ್ ಒತ್ತಿದ. ಟಿಕ್. ಮತ್ತೆ ಒತ್ತಿದ. ಟಿಕ್. ಪಂಪೂ ಫ್ಯಾನೂ ಸೇರಿ ಬ್ಯಾಟರಿಯನ್ನು ನುಂಗಿ ನೀರು ಕುಡಿದಿದ್ದವು.

"ಎರಡು ನಿಮಿಷದಲ್ಲಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ವ್ಯಾನಿನವರು ಗೆದ್ದ ಹಾಗೆ!" ಮೈಕು ಕೂಗಿತು.

ದಂತಣ್ಣ ಸ್ಟೀರಿಂಗಿಗೆ ಹಣೆ ಕೊಟ್ಟು ಕೂತುಬಿಟ್ಟ. ಅಷ್ಟರಲ್ಲಿ ಬ್ರೆಡ್ ವ್ಯಾನಿನವನೇ ತಂತಿ ಹಿಡಿದು ಓಡಿ ಬಂದ. "ಸುಮ್ನೆ ಸಿಕ್ಕಿದ ಬಹುಮಾನದ ಕಪ್ಪು ಯಾರಿಗೆ ಬೇಕಣ್ಣಾ? ನನ್ ಬ್ಯಾಟರಿಯಿಂದ ಎಳ್ಕೊಳ್ಳಿ." ಕಾರು ಗುರ್ ಎಂದು ಎದ್ದಿತು. ಎದುರಾಳಿಯೂ ದೇವರಂಥವನು! ದಂತಣ್ಣನಿಗೆ ಲೋಕವೆಲ್ಲ ತನ್ನ ಪರ ನಿಂತಿದೆ ಅನಿಸಿತು.

ವ್ಯಾನಿಗೆ ಹಸಿರು ಬಿತ್ತು. ಅದು ಗಡಗಡನೆ ಹೊರಟಿತು. ದಂತಣ್ಣ ಬೆವರಿನ ಅಂಗೈಯಲ್ಲಿ ಸ್ಟೀರಿಂಗ್ ಹಿಡಿದು ಕಾದ. ಸುಮಾರು ಎಂಟು ಸೆಕೆಂಡು ಎಂಟು ವರ್ಷವಾದವು. ಕೊನೆಗೂ ಹಸಿರು! ಕಾರು ಚಿಮ್ಮಿದ ರಭಸಕ್ಕೆ ಅವನ ಬೆನ್ನು ಸೀಟಿಗೆ ಅಂಟಿಕೊಂಡಿತು. ಇಂಥ ಓಟವನ್ನು ಅವನು ಕನಸಲ್ಲೂ ಓಡಿರಲಿಲ್ಲ. ಕೊನೆ ಗೆರೆಗೆ ಸ್ವಲ್ಪ ಮುಂಚೆ ವ್ಯಾನನ್ನು ಹಿಂದೆ ಹಾಕಿ ಮುಗಿಸಿದ. ಬೋರ್ಡಿನ ಮೇಲೆ ಅಂಕಿ ಮಿನುಗಿತು, ಹನ್ನೆರಡೂ ಮುಕ್ಕಾಲು!

"ಗೆದ್ದೆ! ಗೆದ್ದೆ ಕಣೇ!" ಕಾರಿನಿಂದ ಹಾರಿ ಎರಡೂ ಕೈ ಎತ್ತಿ ಕುಣಿದ.

ಗೆಲುವಿನ ದೀಪ ಹತ್ತಿದ್ದು ಮಾತ್ರ ವ್ಯಾನಿನ ಕಡೆ. ತೀರ್ಪುಗಾರರು ಹತ್ತಿರ ಬಂದು ಗಾಜು ತೋರಿಸಿದರು.

"ನೀವು ಬರ್ದಿದ್ದು ಹದಿಮೂರೂಕಾಲು. ಬರ್ದಿದ್ದಕ್ಕಿಂತ ಬೇಗ ಬಂದ್ರೆ ಸೋಲು ಸ್ವಾಮೀ."

"ಬೇಗ ಬಂದ್ರೆ ಸೋಲಾ? ಇದು ಓಟದ ಪಂದ್ಯ ತಾನೇ?"

"ಮತ್ತೆ? ಇಲ್ದಿದ್ರೆ ಎಲ್ರೂ ಒಂದು ಗಂಟೆ ಅಂತ ಬರ್ದು ಮುಂಚೇನೇ ಹೊರಟ್ಬಿಡ್ತಾರೆ. ಮೂರು ವರ್ಷದಿಂದ ಬರ್ತಿದೀರಿ, ಇಷ್ಟೂ ಗೊತ್ತಿಲ್ವಾ?"

ಬರೆದದ್ದಕ್ಕಿಂತ ಬೇಗ ಬರುವ ಭಾಗ್ಯ ಮೂರು ವರ್ಷದಲ್ಲಿ ಒಮ್ಮೆಯಾದರೂ ಒದಗಿದ್ದರೆ ತಾನೇ ಗೊತ್ತಾಗುವುದು? ದಂತಣ್ಣ ಕುಸಿದು ಕೂತ. ಪಕ್ಕದಲ್ಲಿ ಯಜಮಾನರು "ಪಟ್ಟಿ ಹಾಕಿದ್ದೇ ಜಾಸ್ತಿಯಾಯ್ತು" ಎಂದರು, ನರ್ಸಮ್ಮ "ನಿಮ್ಮ ಟ್ಯಾಂಕಿಂದಲೇ ಕೆಟ್ಟಿದ್ದು" ಎಂದರು. ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು.

"ನೀನೇ ಹೇಳೇ, ಇಂಥ ರೂಲ್ಸು ಎಲ್ಲಾದ್ರೂ ಉಂಟಾ?"

"ಎರಡು ಸಲ ನಿಧಾನವಾಗಿ ಬಂದೂ ಗೆದ್ರಿ, ಬೇಗ ಬಂದ್ರೆ ಸೋಲೇ ಗ್ಯಾರಂಟಿ ಅಂತ ಗೇಟಲ್ಲಿ ಕೊಟ್ಟ ಹಾಳೇಲಿ ಇತ್ತಲ್ಲ ರೀ. ಅದನ್ನ ಓದಿದ್ಮೇಲೇ ನಾನು ಐಸ್ ತರೋಕೆ ಎದ್ದಿದ್ದು."

ಅಷ್ಟರಲ್ಲಿ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ವ್ಯಾನಿನವನು ಬಂದ.

"ಅಕ್ಕಾ, ಆಗ ಐಸ್ ಅಂಗಡಿ ಹತ್ರ ಹೇಳಿದ್ರಲ್ಲ, ಅಣ್ಣನ ಕಾರನ್ನ ನಾಳೇನೇ ಬಂದು ನೋಡ್ತೀನಿ. ನಮ್ಮನೆ ಶೆಡ್ಡು ಖಾಲಿಯಿದೆ."