ಶಂಭುಲಿಂಗಪ್ಪ ಮಾಸ್ತರರ ಉತ್ತರಧ್ರುವ

"ಬರೂ ಸೆಪ್ಟೆಂಬರಿನಾಗ ಉತ್ತರಧ್ರುವದ ಬರ್ಫ್ ಎಷ್ಟಿರ್ತದ, ಅದನ್ನ ಇದು ಈಗ ತೋರಸ್ತದ!" ಎಂದು ಶಂಭುಲಿಂಗಪ್ಪ ಮಾಸ್ತರರು ಗದಗಿನ ವಾಚನಾಲಯದ ಮೇಜಿನ ಮೇಲಿದ್ದ ತಗಡಿನ ತೊಟ್ಟಿಯನ್ನು ತಟ್ಟಿದರು. ತೊಟ್ಟಿಯ ತುಂಬ ನೀರು, ನಡುವೆ ತಟ್ಟೆಯಗಲದ ಮಂಜುಗಡ್ಡೆ, ಅಡಿಯಲ್ಲಿ ಹಳೆಯ ಫ್ರಿಜ್ಜಿನ ಕೊಳವೆ. ಪಕ್ಕದ ಹಿತ್ತಾಳೆ ಕಡ್ಡಿ ಉಪಗ್ರಹದಿಂದ ಅಲ್ಲಿಯ ಹವೆ ತಿಳಿದು, ಮುಂದೆ ಆಗುವಂತೆ ಗಡ್ಡೆಯನ್ನು ಕರಗಿಸುತ್ತದೆ, ಇಲ್ಲವೆ ಬೆಳೆಸುತ್ತದೆ.

ಹಿಂದಿನ ವರ್ಷ ಅಲ್ಲಿಯ ಮಂಜುಗಡ್ಡೆ ಸೆಪ್ಟೆಂಬರಿಗೆ ಪೂರ್ತಿ ಮಾಯವೆಂದು ಮಾಸ್ತರರು ಪತ್ರಿಕೆಗೆ ಬರೆದಿದ್ದರು. ಮಾಯವಾಗಲಿಲ್ಲ. ಅಷ್ಟೇ ಸಾಕಾಯಿತು, ಬರ್ಫ್ ಕರಗುವುದೇ ಸುಳ್ಳೆಂದು ವಕೀಲ ಚನ್ನವೀರಪ್ಪನವರು ಉತ್ತರ ಬರೆದರು. ಈ ಸಲ ಯಂತ್ರ ತೋರಿಸಿದ್ದೇ ತೀರ್ಪೆಂದು ಇಬ್ಬರೂ ಪಂಥ ಕಟ್ಟಿದ್ದರು: ಸೋತವರು ಇನ್ನು ವಾಚನಾಲಯದ ಮೆಟ್ಟಿಲು ಹತ್ತಬಾರದು.

ಮಾಸ್ತರರ ಹೆಂಡತಿ ನೀಲಗಂಗವ್ವನ ಚಿಂತೆ ಬೇರೆ. ಉತ್ತರಧ್ರುವವನ್ನು ಆಕೆ ಶಿವನಿಗೆ ಒಪ್ಪಿಸಿದ್ದಳು. ಆದರೆ ಗಂಡ ಹತ್ತರಿಂದ ಒಂದರವರೆಗೆ ವಾಚನಾಲಯದಲ್ಲಿ ಇರುವುದರಿಂದಲೇ ಆಕೆಗೆ ಪೂಜೆ, ಅಡಿಗೆ, ಒಂದಿಷ್ಟು ಉಸಿರು. ಆತ ಸೋತು ಮನೆ ಹಿಡಿದರೆ ಮಿಕ್ಸರು, ಗಡಿಯಾರ ಯಾವುದೂ ಬಿಚ್ಚದೆ ಉಳಿಯುವಂತಿರಲಿಲ್ಲ.

ದೀಪ ಹಚ್ಚದೆ ನಮ್ಮಲ್ಲಿ ಯಾವ ಸಭೆ ಶುರುವಾದೀತು? ನೀಲಗಂಗವ್ವ ಐದು ಬತ್ತಿಯ ಸಮೆ ಬೆಳಗಿಸಿ, ಯಂತ್ರಕ್ಕೆ ಒಳ್ಳೆಯದಾಗಲೆಂದು ಕಡ್ಡಿಯ ಮಗ್ಗುಲಿಗೇ ಇಟ್ಟಳು. ಕಾರ್ಯದರ್ಶಿಗಳು ತೊಟ್ಟಿಗೆ ಶಾಲು ಹೊದಿಸಿ ಹಾರ ಹಾಕಿದರು. ಐದೇ ನಿಮಿಷದಲ್ಲಿ ಗಡ್ಡೆ ಕರಗಿ, ಬೆಚ್ಚಗಿನ ನೀರಷ್ಟೇ ಉಳಿಯಿತು.

"ನೋಡ್ರಿ, ಹನಿ ಬರ್ಫ್ ಉಳಿಯೂದಿಲ್ಲ. ಮೀನ ಸೈತ ಬೇಯ್ತಾವ!"

"ಮಾಸ್ತರ, ಅದು ಧ್ರುವದ ಹವಾ ಅಲ್ಲ, ನಿಮ್ಮ ಮನಿಯವರು ಹಚ್ಚಿದ ದೀಪದ ಕಾವು." ವಕೀಲರು ಸಮೆ ಸರಿಸಿ, ಕಡ್ಡಿಯನ್ನು ಬಗ್ಗಿಸಿ ತಮ್ಮ ತಣ್ಣನೆಯ ಮಜ್ಜಿಗೆಯ ಲೋಟದಲ್ಲಿ ಅದ್ದಿದರು. "ಈಗ ನ್ಯಾಯದಿಂದ ನಡೀಲಿ."

"ಮಜ್ಜಿಗಿ ಯಾವ ಊರ ನ್ಯಾಯರೀ?" ಎಂದು ಮಾಸ್ತರರು ಕೊಳವೆ ಮುಟ್ಟಿ ನೋಡಲು ತೊಟ್ಟಿಗೆ ಕೈ ಹಾಕಿದರು. ಒಳಗೆ ಏನೋ ತಿರುವಿಯಾರೆಂದು ವಕೀಲರೂ ಕೈ ಹಾಕಿ ಅವರ ಬೆರಳು ಹಿಡಿದರು.

ಯಂತ್ರ ಗುಡುಗಿತು. ಮಜ್ಜಿಗೆಯ ತಂಪಿಗೆ ಅದು ಹೊಸ ಹಿಮಯುಗವನ್ನೇ ಕಂಡಿತ್ತು. ಚಟಚಟನೆ ನೀರು ಹೆಪ್ಪುಗಟ್ಟಿತು, ಶಾಲು ಹಪ್ಪಳದಂತೆ ಸೆಟೆಯಿತು. ಯಾರೋ ತಂತಿ ಕಿತ್ತರು. ಅಷ್ಟರಲ್ಲಿ ಇಬ್ಬರ ಕೈಯೂ ಒಂದೇ ಗಡ್ಡೆಯಲ್ಲಿ ಸಿಕ್ಕಿ, ಮೂಗಿಗೆ ಮೂಗು ತಾಗುವಂತಾಗಿತ್ತು.

ನೀಲಗಂಗವ್ವ ಚಹಾಕ್ಕೆ ಕಾಯಿಸಿದ ನೀರಿನ ಕಿಟ್ಲಿ ಹಿಡಿದು ಬಂದಳು. ಸುರಿದಳೇ? ಇಲ್ಲ.

"ವಕೀಲರ, ಬರ್ಫ್ ಕರಗ್ತದೋ ಇಲ್ಲೋ?"

"ಕರಗ್ತದವ್ವಾ, ಕರಗಬೇಕು."

"ಕೇಳಿದ್ರಿಲ್ಲೋ!" ಎಂದು ಮಾಸ್ತರರು ಸಭೆಯತ್ತ ಕತ್ತು ತಿರುಗಿಸಿದರು. "ಇನ್ನ ಯಾವಾಗ ಅಂದ್ರ..."

ಕಿಟ್ಲಿಯ ಮೂತಿ ಹಿಂದೆ ಸರಿಯಿತು. "ತಾರೀಖ ಹೇಳಬ್ಯಾಡ್ರಿ."

ಮಾಸ್ತರರು ಕಿಟ್ಲಿಯನ್ನೂ ಹೆಂಡತಿಯನ್ನೂ ನೋಡಿದರು. "ತಾರೀಖ ನನಗ ಗೊತ್ತಿಲ್ಲ" ಎಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಹಂಗಾದ್ರ ಯಾರೂ ಸೋತಿಲ್ಲ. ಪಂಥ ವಜಾ" ಎಂದು ಆಕೆ ಸಾವಕಾಶ ನೀರು ಸುರಿದಳು.

ಮರುದಿನ ಹತ್ತಕ್ಕೆ ಇಬ್ಬರೂ ಬೆರಳಿಗೆ ಅರಿವೆ ಸುತ್ತಿಕೊಂಡು ವಾಚನಾಲಯ ಸೇರಿದರು. ತೊಟ್ಟಿಯ ಗಡ್ಡೆ ಕರಗಿದ್ದು ನೀಲಗಂಗವ್ವನ ಬಿಸಿನೀರಿನಿಂದಲೋ ತನ್ನಷ್ಟಕ್ಕೆ ತಾನೋ ಎಂದು ಈಗ ಪತ್ರಿಕೆಯಲ್ಲಿ ವಾದ ನಡೆದಿದೆ.