ನನ್ನ ತೋಳಿನ ಮೇಲೆ ಮಲ್ಲುವಿನ ಬೋಣಿ

ಒಲ್ಲೆ ಎನ್ನುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಶಹಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಬಂದವರಿಗೆಲ್ಲ ‘ಇಲ್ಲ’ ಎನ್ನುವುದೇ ಅಲ್ಲಿ ನನ್ನ ಉದ್ಯೋಗ. ಹೀಗಾಗಿ ಇದ್ದಬದ್ದ ‘ಇಲ್ಲ’ಗಳೆಲ್ಲ ಕಚೇರಿಯಲ್ಲೇ ಖರ್ಚಾಗಿ, ಮನೆಗೆ ಬರುವ ಹೊತ್ತಿಗೆ ಬರೀ ‘ಹೂಂ’ ಉಳಿದಿರುತ್ತದೆ.

ಈ ಗುಟ್ಟು ನನ್ನ ಹೆಂಡತಿ ಶಾಂತಾಳ ತಮ್ಮ ಮಲ್ಲುವಿಗೆ ಚೆನ್ನಾಗಿ ಗೊತ್ತು. ಸುರಪುರದಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಹೋದ ಬೇಸಿಗೆಯಲ್ಲಿ ಅವನಿಗೆ ಟ್ಯಾಟೂ ಹಾಕುವ ಹುಚ್ಚು ಹತ್ತಿತು. ಫೋನಿನಲ್ಲಿ ವಿಡಿಯೋ ನೋಡಿ ವಿದ್ಯೆ ಕಲಿತ, ಪಾರ್ಸೆಲ್ಲಿನಲ್ಲಿ ಮಷೀನು ತರಿಸಿದ, ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿದ. ಮೇಜು, ದೀಪ, ಕುರ್ಚಿ ಎಲ್ಲ ಹಳೆಯವೇ. ಹೊಸದಾಗಿ ಬೇಕಾಗಿದ್ದದ್ದು ಒಂದು ಮೈ ಮಾತ್ರ.

“ಮಾಮಾ, ಬೋಣಿ ನಿಮ್ಮದೇ ಆಗಬೇಕ್ರಿ. ನಿಮ್ಮ ಕೈಗುಣ ಛಲೋ ಅದ,” ಅಂದ, ಒಂದು ದಿನ ನಮ್ಮ ಮನೆಗೆ ಬಂದು.

“ಕೈಗುಣ ಛಲೋ ಅದ ಅಂತ ಕೈಯನ್ನೇ ಕೇಳಾಕತ್ತೀಯಲ್ಲೋ,” ಅಂದೆ.

“ಹೂಂ ಅನ್ರಿ. ಇರೂದು ಒಬ್ಬ ತಮ್ಮ,” ಅಂದಳು ಶಾಂತಾ. ನಮ್ಮ ಜೊತೆಗೇ ಇರುವ ಅತ್ತೆ, ಶಾಂತಾಳ ತಾಯಿ, ಮುಂಗೈ ಚಾಚಿ, ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡ ಹಸಿರು ಹಚ್ಚೆ ತೋರಿಸಿದರು. “ನಮಗೇನರ ಆಗ್ಯಾದೇನ್ರಿ?” ಏನಾದರೂ ಆದವರು ಅದನ್ನು ಹೇಳಲು ಉಳಿದಿರಲಿಕ್ಕಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಹೂಂ ಅಂದೆ. ನನ್ನದು ಸಿಂಹರಾಶಿಯಾದ್ದರಿಂದ ಎಡತೋಳಿಗೆ ಸಿಂಹವೆಂದು ತೀರ್ಮಾನವಾಯಿತು.

ಅವನ ಅಂಗಡಿಗೆ ಹೋಗಿ ಕೂತೆ. ಮೊಬೈಲಿನೊಳಗಿನ ಧೂಳನ್ನು ಊದಿ ತೆಗೆದು ರೂಢಿಯಿದ್ದ ಮಲ್ಲು ಸೂಜಿಯನ್ನೂ ಒಮ್ಮೆ ಊದಿದ, ಕರವಸ್ತ್ರದಿಂದ ಒರೆಸಿದ. ಗ್ಲೌಸ್ ಇಲ್ಲವೇನೋ ಎಂದರೆ, “ಹಾಕ್ಕೊಂಡ್ರ ಹಿಡಿತ ಸಿಗಲ್ರಿ ಮಾಮಾ,” ಅಂದ. ಸಿಂಹಕ್ಕೆ ಒಂದು ಕಿವಿ ಮೂಡಿತ್ತು. ಅಷ್ಟರಲ್ಲಿ ಯಾರೋ ಚಾರ್ಜ್ ಆಗದ ಫೋನು ತಂದರು. ಅವನು ಅದನ್ನು ಬಿಚ್ಚಿ, ತಿಕ್ಕಿ, ಮುಚ್ಚಿ ಕೊಟ್ಟು, ಅದೇ ಕೈಯಿಂದ ಬಂದು ಎರಡನೆಯ ಕಿವಿ ಚುಚ್ಚಿದ. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅದನ್ನವನು ನಗುವೆಂದು ತಿಳಿದು ಫೋಟೋ ತೆಗೆದ.

ಎರಡು ದಿನದಲ್ಲಿ ಸಿಂಹಕ್ಕೆ ಮಂಗನಬಾವು ಬಂದಂತೆ ಗಲ್ಲ ಊದಿದವು. ಅತ್ತೆ ಅರಿಷಿಣ ಬಳಿದರು. ಕಚೇರಿಯ ಗೆಳೆಯರೊಬ್ಬರು ಟೂತ್‌ಪೇಸ್ಟ್ ಹಚ್ಚಲು ಹೇಳಿದರು, ಅದನ್ನೂ ಹಚ್ಚಿದೆ. ತೋಳಿನಿಂದ ಊಟದ ವಾಸನೆಯೂ ಹಲ್ಲುಜ್ಜಿದ ವಾಸನೆಯೂ ಒಟ್ಟಿಗೇ ಬರತೊಡಗಿದವು. ಆಮೇಲೆ ಕೀವು ಬಂತು, ಜ್ವರ ಬಂತು. ದವಾಖಾನೆಗೆ ಹೊರಟೆ. ಶಾಂತಾ ಬಾಗಿಲಲ್ಲಿ ಅಡ್ಡ ನಿಂತಳು.

“ಇಲ್ಲಿ ತೋರಸಬ್ಯಾಡ್ರಿ. ಸುರಪುರಕ್ಕ ಸುದ್ದಿ ಹೋದ್ರ ತಮ್ಮನ ಅಂಗಡಿ ಹೆಸರು ಕೆಡತದ. ಯಾದಗಿರಿಗಿ ಹೋಗೂಣು.”

ಅಂಗಡಿಯ ಮಾನ ಉಳಿಸಲು ಆ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಮೇಲೆ ಶಾಲು ಹೊದ್ದು ಬಸ್ಸಿನಲ್ಲಿ ಕೂತೆ. ಪಕ್ಕದವರು ನನ್ನನ್ನು ನೋಡಿ ಆಚೆ ಸರಿದು ಕೂತರು.

ಯಾದಗಿರಿಯ ಡಾಕ್ಟರಮ್ಮ ತೋಳು ನೋಡಿ, “ಸೂಜಿ ಹೊಸಾದಿತ್ತೇನ್ರಿ?” ಎಂದು ಕೇಳಿದರು.

“ಬೋಣಿನೇ ನಂದಿತ್ರಿ ಮೇಡಂ,” ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಅಂಗಡಿ ಬೋಣಿ ನಿಮ್ಮದು. ಸೂಜಿ ಬೋಣಿ ಯಾರದು?”

ನಾನು ಶಾಂತಾಳ ಮುಖ ನೋಡಿದೆ. ಅವಳು ನೆಲ ನೋಡಿದಳು. “ಮೊದಲ ಗೆಳ್ಯಾರ ಕೈಮ್ಯಾಲ ಹಾಕಿ ಕಲತಾನ್ರಿ,” ಎಂದಳು ಮೆಲ್ಲಗೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೀವು ಗುಳಿಗೆಗೆ ಇಳಿಯುತ್ತದೆ ಎಂದರು. ಆದರೆ ಒಬ್ಬರ ರಕ್ತ ಹತ್ತಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಲಿವರ್ ಕೆಡಿಸುವ ಕಾಮಾಲೆ ಬರಬಹುದು, ಎಚ್‌ಐವಿಯೂ ಬರಬಹುದು. ಇವತ್ತು ರಕ್ತ ಕೊಡಿ, ಇವು ಕೂಡಲೇ ಕಾಣುವುದಿಲ್ಲ, ಮುಂದೆ ಮತ್ತೆ ಬಂದು ಕೊಡಿ, ಆ ಗೆಳೆಯರನ್ನೂ ಕರೆತನ್ನಿ ಎಂದರು. ಕಾಮಾಲೆಯ ಲಸಿಕೆಯನ್ನೂ ಹಾಕಿಸಿದರು. ಹೊರಗೆ ಬಂದು ಶಾಂತಾ ನನ್ನ ಶಾಲು ತೆಗೆದು ಮಡಚಿ ಚೀಲದಲ್ಲಿಟ್ಟಳು. ಆಮೇಲೆ ತಮ್ಮನಿಗೆ ಫೋನು ಮಾಡಿ, “ಮೊದಲ ಅಂಗಡಿ ಬಾಗಲಾ ಹಾಕು,” ಎಂದಷ್ಟೇ ಹೇಳಿ ಇಟ್ಟಳು. ಬಸ್ಸಿನಲ್ಲಿ ಊರು ಬರುವ ತನಕ ನನ್ನ ಬಲಗೈ ಬಿಡಲಿಲ್ಲ. ಮದುವೆಯಾದಾಗಿನಿಂದ ಬಸ್ಸಿನಲ್ಲಿ ಅವಳು ಕಿಟಕಿಯ ಸರಳನ್ನಷ್ಟೇ ಹಿಡಿದು ಕೂತವಳು. ನನಗೆ ನಿಜವಾಗಿ ಭಯವಾದದ್ದು ಆಗ.

ಮಲ್ಲು ಅಂದೇ ಬಂದು ನನ್ನ ಮುಂದೆ ತಲೆ ತಗ್ಗಿಸಿ ಕೂತ. “ನಂಗ ಗೊತ್ತಿರಲಿಲ್ರಿ ಮಾಮಾ.” ಮರುದಿನ ತಾನೇ ಗೆಳೆಯರನ್ನೆಲ್ಲ ಕರೆದುಕೊಂಡು ಹೋಗಿ ರಕ್ತ ಕೊಡಿಸಿದ. ಎರಡನೆಯ ಪರೀಕ್ಷೆಯ ತನಕ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅತ್ತೆ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದರು. ಕೊನೆಗೆ ಎಲ್ಲರ ರಕ್ತವೂ ಚೊಕ್ಕ ಎಂದು ಬಂತು. ಮಲ್ಲು ಕಲಬುರಗಿಗೆ ಹೋಗಿ ಬಲ್ಲವರ ಕೈಕೆಳಗೆ ಕೆಲಸ ಕಲಿತು ಬಂದ. ಈಗ ಗಿರಾಕಿಯ ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಒಡೆಯುತ್ತಾನೆ, ಗ್ಲೌಸ್ ಹಾಕುತ್ತಾನೆ, ಫೋನು ಮುಟ್ಟಿದರೆ ಗ್ಲೌಸ್ ಬದಲಿಸುತ್ತಾನೆ. ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ, “ಶಹಾಪುರಕ್ಕ ಹೋದಾಗ ನಮ್ಮ ಮಾಮಾನ ತೋಳು ನೋಡಿ ಬರ್ರಿ,” ಎನ್ನುತ್ತಾನೆ.

ಅವರು ನಿಜವಾಗಿಯೂ ಬರುತ್ತಾರೆ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಅಂಗಿಗಳನ್ನೆಲ್ಲ ಅರ್ಧತೋಳಿಗೆ ಹೊಲಿಸಿಕೊಂಡಿದ್ದೇನೆ. ಕಿವಿ ಚುಚ್ಚಿಸಲು ಹೊರಟವರಿಗೂ ಕೇಳದಿದ್ದರೂ ಉಪದೇಶ ಮಾಡುತ್ತೇನೆ. ನಿನ್ನೆ ಕಚೇರಿಯಲ್ಲಿ ಹಳ್ಳಿಯ ಹಿರಿಯರೊಬ್ಬರು ನನ್ನ ಮೇಜಿನ ಮುಂದೆ ನಿಂತರು. ಅವರು ಬಾಯಿ ತೆರೆಯುವ ಮೊದಲೇ ತೋಳು ಚಾಚಿದೆ. ಅವರು ಬಂದಿದ್ದದ್ದು ಊರಿನ ನಲ್ಲಿ ಕೆಟ್ಟಿದೆ ಎಂದು ಹೇಳಲು. ಆದರೂ ಕನ್ನಡಕ ಏರಿಸಿ ನನ್ನ ಸಿಂಹವನ್ನು ಸಾವಕಾಶವಾಗಿ ನೋಡಿ, ಮರ್ಯಾದೆಯಿಂದ ಹೇಳಿದರು:

“ಆಡು ಭಾಳ ಛಲೋ ಬಂದದ್ರಿ ಸಾಹೇಬ್ರ.”