ಸ್ಲಾಡೆಕ್ ಮನೆತನದ ನಿಲುಗಡೆ

ಎಮಿಲ್: ನಿಲ್ಸಬೇಕು ಅಂದ್ರೆ ನಿಲ್ಸಬೇಕು ಕಣೇ. ಅದ್ರಲ್ಲಿ ಮಾತೇ ಇಲ್ಲ.

ಲೀಡಾ: ಯಾಕೆ ಅಂತ ಹೇಳಪ್ಪ, ನಿಲ್ಲಿಸ್ತೀನಿ. ಜನ ಒಳ್ಳೆ ಹುಮ್ಮಸ್ಸಲ್ಲಿ ಕುಣೀತಿರ್ತಾರೆ, ಮಧ್ಯದಲ್ಲಿ ಗಕ್ಕನೆ ನಿಲ್ಸಿದ್ರೆ ಅದು ಪೋಲ್ಕಾನಾ, ಬಿಕ್ಕಳಿಕೇನಾ?

ಅಮೆರಿಕದ ವಿಸ್ಕಾನ್ಸಿನ್ನಿನ ಒಂದು ಹಳ್ಳಿಯ ಕುಣಿತದ ಹಾಲ್‌ನ ಹಿಂದಿನ ಕೋಣೆಯಲ್ಲಿ ಅಪ್ಪ, ಮಗಳು ಕಾನ್ಸರ್ಟಿನಾ ಎಂಬ ಒಂದೇ ವಾದ್ಯದ ಪೆಟ್ಟಿಗೆಯ ಎರಡು ತುದಿ ಹಿಡಿದು ಜಗ್ಗಾಡುತ್ತಿದ್ದರು. ನಡುವಿನ ತಿದಿ ಪಾಪ ನರಳುತ್ತಿತ್ತು. ಎಮಿಲ್ ಸ್ಲಾಡೆಕ್‌ನ ಬೆರಳುಗಳಿಗೆ ವಾತ ಹಿಡಿದು, ಗುಂಡಿಗಳು ಮಾತು ಕೇಳುವುದನ್ನು ಬಿಟ್ಟಿದ್ದವು. ಅವನಪ್ಪ ಅಲೋಯಿಸ್ ಕಟ್ಟಿದ ಪೋಲ್ಕಾ ಕುಣಿತದ ಬ್ಯಾಂಡು ಈ ಭಾನುವಾರ, ಅಂದರೆ ಇವತ್ತು, ಮಗಳ ಕೈಗೆ ಹೋಗಬೇಕು, ಇಲ್ಲವೇ ಇವತ್ತಿಗೇ ಮುಗಿಯಬೇಕು. ಮಗಳೋ, ಮನೆತನದ ಪೋಲ್ಕಾದ ಮೂರನೇ ಭಾಗದ ನಿಲುಗಡೆಯನ್ನೇ ಕಿತ್ತುಹಾಕುತ್ತೇನೆಂದು ಕೂತಿದ್ದಳು.

ಎಮಿಲ್: ಕೇಳು ಹಾಗಾದ್ರೆ. ನಿಮ್ಮ ತಾತ ಅಲ್ಲಿ ನಿಲ್ಲಿಸಿ ತಲೆ ತಗ್ಗಿಸ್ತಿದ್ರು. ಯಾಕೆ? ಹುಟ್ಟಿದ ನಾಡು ಬೊಹೆಮಿಯಾದಲ್ಲಿ ಬಿಟ್ಟು ಬಂದ ಹೆತ್ತತಾಯಿ ನೆನಪಾಗ್ತಿದ್ಲು. ಅದಕ್ಕೇ ಇವತ್ತಿಗೂ ಇಡೀ ಹಾಲ್‌ನಲ್ಲಿರೋ ಜನ ತಲೆ ತಗ್ಗಿಸ್ತಾರೆ.

ಮೂಲೆಯಲ್ಲಿ ಗಸಗಸೆ ಹೂರಣದ ಕೊಲಾಚಿ ಬನ್ನು ಮೆಲ್ಲುತ್ತಿದ್ದ ಅಲ್ಬೀನತ್ತೆಗೆ ಅದು ನೆತ್ತಿಗೆ ಹತ್ತಿತು. ಆಕೆ ಅಲೋಯಿಸನ ತಂಗಿ. ಒಂದು ಕಾಲಕ್ಕೆ ಅಣ್ಣನ ಬ್ಯಾಂಡಿನಲ್ಲಿ ಡ್ರಮ್ಮು ಬಡಿಯುತ್ತಿದ್ದವಳು.

ಅಲ್ಬೀನ: ಯಾರ ತಾಯೋ?

ಎಮಿಲ್: ಅಪ್ಪನ ತಾಯಿ. ಅಂದ್ರೆ ನಿಮ್ಮಮ್ಮ, ಅತ್ತೆ.

ಅಲ್ಬೀನ: ನಮ್ಮಮ್ಮ ನಮ್ ಜೊತೇಲೇ ಹಡಗು ಹತ್ತಿ ಬಂದ್ಲಲ್ಲೋ. ಅವನು ತಲೆ ತಗ್ಗಿಸ್ತಿದ್ದಾಗ ಇದೇ ಹಾಲ್‌ನ ಅಡುಗೆಮನೇಲಿ ನಿಂತು ಈ ಕೊಲಾಚೀನೇ ಬೇಯಿಸ್ತಿದ್ಲು. ಇದಕ್ಕಿಂತ ಚೆನ್ನಾಗಿ.

ಎಮಿಲ್‌ನ ಹಿಡಿತ ಸಡಿಲವಾಯಿತು. ಪೆಟ್ಟಿಗೆ ಪೂರ್ತಿ ಮಗಳ ಮಡಿಲಿಗೆ ಬಿತ್ತು.

ಎಮಿಲ್: ಮತ್ತೆ ಅಪ್ಪ ನಿಲ್ಲಿಸ್ತಿದ್ದಿದ್ದು ಯಾಕೆ?

ಅಲ್ಬೀನ: ಇದೇ ಪೆಟ್ಟಿಗೇದು ಯಾವುದೋ ಗುಂಡಿ ಒಳಗೇ ಸಿಕ್ಕಾಕ್ಕೊಳ್ತಿತ್ತು ಅಂತ ಅವನೇ ಹೇಳ್ತಿದ್ದನಪ್ಪ. ಬಗ್ಗಿ ಉಗುರಲ್ಲಿ ಮೇಲಕ್ಕೆತ್ತಬೇಕಿತ್ತು.

ಎಮಿಲ್: ಹಾಗಾದ್ರೆ ಇಷ್ಟು ಕಾಲ ನಾವೆಲ್ಲ ತಲೆ ತಗ್ಗಿಸಿದ್ದು...

ಲೀಡಾ: ಗುಂಡಿಗೆ. ಪಾದ್ರಿಗಳೂ ಸೇರಿ.

ಎಮಿಲ್: ನೀನು ಸುಮ್ನಿರು.

ಲೀಡಾ: ಗುಂಡಿ ಈಗ ಸರಿಯಾಗಿದೆ ತಾನೆ? ಹಾಗಾದ್ರೆ ನಾನು ನಿಲ್ಸಲ್ಲ.

ನಿಲುಗಡೆಯಿಲ್ಲದ ಬ್ಯಾಂಡಾದರೂ ಬ್ಯಾಂಡೇ ಎಂದು ಎಮಿಲ್ ತನಗೆ ತಾನೇ ಸಮಾಧಾನ ಹೇಳಿಕೊಂಡು, ತನ್ನ ಪಾಲಿಗೆ ಉಳಿದಿದ್ದ ದೊಡ್ಡ ತೂಬಾ ಕಹಳೆಯನ್ನು ಹೆಗಲಿಗೇರಿಸಿ ಹಿಂದಿನ ಸಾಲಿಗೆ ಹೋಗಿ ಕೂತ.

ಲೀಡಾ ವೇದಿಕೆ ಹತ್ತಿ, ಇವತ್ತು ನಿಲುಗಡೆ ಇಲ್ಲ ಎಂದು ವಾದ್ಯದವರಿಗೆಲ್ಲ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಪೋಲ್ಕಾ ಶುರುವಾಯಿತು. ಹುಡುಗಿಯ ಬೆರಳು ಏನು ಚುರುಕು! ಮುದುಕರು ಬಿಯರ್ ಲೋಟ ಕೆಳಗಿಟ್ಟು ಎದ್ದರು, ಹಲಗೆಯ ನೆಲ ನಡುಗಿತು. ಮೂರನೇ ಭಾಗ ಬಂತು, ಆ ಜಾಗ ಬಂತು, ಲೀಡಾ ನಿಲ್ಲದೆ ನುಗ್ಗಿದಳು.

ಡ್ರಮ್ಮು ನಿಂತಿತು. ತುತ್ತೂರಿ ನಿಂತಿತು. ಕುಣಿಯುತ್ತಿದ್ದ ಜೋಡಿಗಳೆಲ್ಲ ನಿಂತಲ್ಲೇ ನಿಂತು ತಲೆ ತಗ್ಗಿಸಿದರು. ಎಮಿಲ್ ಊದಬೇಕೆಂದು ಕೆನ್ನೆ ಉಬ್ಬಿಸಿದ. ಉಬ್ಬಿದ ಕೆನ್ನೆ ಉಬ್ಬಿದಂತೆಯೇ ಇತ್ತು, ಉಸಿರು ಹೊರಡಲಿಲ್ಲ. ಅಷ್ಟು ದೊಡ್ಡ ಹಾಲ್‌ನಲ್ಲಿ ಲೀಡಾಳ ಪೆಟ್ಟಿಗೆಯೊಂದೇ ಕುಯ್ಯೋ ಎನ್ನುತ್ತಿತ್ತು. ಜನ ಒಬ್ಬೊಬ್ಬರೇ ತಲೆಯೆತ್ತಿ ಅವಳನ್ನು ನೋಡಿದರು.

ಲೀಡಾಳ ಮುಖ ಕೆಂಪಾಯಿತು. ನುಡಿಸುವುದನ್ನು ನಿಲ್ಲಿಸಿದಳು. ಏನು ಮಾಡುವುದೆಂದು ತಿಳಿಯದೆ ಪೆಟ್ಟಿಗೆಯ ಮೇಲೆ ಬಗ್ಗಿ, ಒಂದು ಗುಂಡಿಯನ್ನು ಉಗುರಿನಿಂದ ಕೆರೆಯತೊಡಗಿದಳು.

ಮುಂದಿನ ಮೇಜಿನ ಮುದುಕಿಯೊಬ್ಬಳು ಥೇಟ್ ಅಲೋಯಿಸೇ ಎದುರಿಗೆ ಕೂತ ಹಾಗಿದೆ ಎಂದು ಕರವಸ್ತ್ರ ತೆಗೆದಳು. ಎಮಿಲ್‌ಗಂತೂ ದುಃಖವೂ ಸಂತೋಷವೂ ಒಟ್ಟಿಗೇ ಉಕ್ಕಿ, ತಡೆದಿದ್ದ ಉಸಿರೆಲ್ಲ ತೂಬಾದೊಳಗೆ ಹೊರಟಿತು. ಆ ಭೋಂಕಾರಕ್ಕೆ ಬ್ಯಾಂಡು ಎಚ್ಚೆತ್ತುಕೊಂಡಿತು, ಜನ ಮತ್ತೆ ಕುಣಿದರು.

ಹಾಡು ಮುಗಿದ ಮೇಲೆ ಅವನು ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಬಳಿ ಬಂದ.

ಎಮಿಲ್: ನೋಡಿದ್ರಾ ಅತ್ತೆ? ಅದೇ ಗುಂಡಿ ಮತ್ತೆ ಸಿಕ್ಕಾಕ್ಕೊಳ್ತು.

ಅಲ್ಬೀನ: ಯಾವ ಗುಂಡೀನೂ ಸಿಕ್ಕಾಕ್ಕೊಳ್ಳಲಿಲ್ಲ, ಅವತ್ತೂ ಇಲ್ಲ, ಇವತ್ತೂ ಇಲ್ಲ. ನಿಮ್ಮಪ್ಪನಿಗೆ ಮುಂದೆ ಏನು ನುಡಿಸ್ಬೇಕು ಅನ್ನೋದು ಮರೆತು ಹೋದಾಗೆಲ್ಲ ಹಿಂಗೇ ಕೆರೀತಿದ್ದ.

ಎಮಿಲ್ ಬಾಯಿ ಬಿಟ್ಟುಕೊಂಡು ನಿಂತ. ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಕೊಲಾಚಿಯನ್ನು ಆ ಬಾಯಿಗೇ ತುರುಕಿದಳು.

ಅಲ್ಬೀನ: ತಿನ್ನು. ಬ್ಯಾಂಡು ಸರಿಯಾದ ಕೈಗೇ ಹೋಗಿದೆ.